ಹದಿನೇಳನೇ ಬಿಲ್ಲೆ

ನಮ್ಮ ಲಾಂಡ್ರಿಯಿಂದ ದಿನಕ್ಕೆ ಮೂರು ಸಾವಿರ ಬಟ್ಟೆ ಒಗೆದು, ಇಸ್ತ್ರಿಯಾಗಿ, ಮಡಚಿ ಹೊರಗೆ ಹೋಗುತ್ತಿದ್ದವು. ಹೋಟೆಲುಗಳ ಹಾಸು, ಆಸ್ಪತ್ರೆಗಳ ಹೊದಿಕೆ, ಕಾರ್ಖಾನೆಯವರ ಮೇಲಂಗಿ. ಒಗೆದ ಮೇಲೆ ಎಲ್ಲ ಬಿಳಿಯೂ ಒಂದೇ ಬಿಳಿ. ಯಾವುದು ಯಾರದೆಂದು ತಿಳಿಯಬೇಕಾದರೆ ಅಂಚು ತಿರುಗಿಸಿ ನೋಡಬೇಕು. ಅಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಣ್ಣದ ಹೊಲಿಗೆ ಇರುತ್ತಿತ್ತು. ಕೆಂಪು ಎರಡು ಗೆರೆ ಇದ್ದರೆ ಸ್ಟೇಷನ್ ಎದುರಿನ ಹೋಟೆಲಿನದು, ಹಸಿರು ಮೂರು ಚುಕ್ಕೆ ಇದ್ದರೆ ಹೆರಿಗೆ ಆಸ್ಪತ್ರೆಯದು. ಇಂಥ ಇನ್ನೂರು ಮುನ್ನೂರು ಗುರುತುಗಳನ್ನು ತಲೆಯಲ್ಲಿಟ್ಟುಕೊಂಡು, ಹಿಂದಿನ ಕೋಣೆಯ ಕಿಟಕಿಗೆ ಬೆನ್ನು ಕೊಟ್ಟು ಇಪ್ಪತ್ತಾರು ವರ್ಷ ಹೊಲಿದವಳೇ ದಾರದಕ್ಕ.

ನಾನು ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ವಯಸ್ಸಿನಲ್ಲಿ ಆಕೆಗಿಂತ ಹತ್ತು ವರ್ಷ ದೊಡ್ಡವನಾದರೂ ಅಕ್ಕ ಎನ್ನದೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಮ್ಯಾನೇಜರು ಕೂಡ ಸಿಟ್ಟು ಬಂದಾಗ ಮಾತ್ರ ‘ಏನಮ್ಮಾ’ ಎನ್ನುತ್ತಿದ್ದರು, ಮಿಕ್ಕ ಹೊತ್ತಿನಲ್ಲಿ ಅವರಿಗೂ ಅಕ್ಕನೇ. ಶಾಲೆಯಲ್ಲಿ ನಾನು ಕೂತದ್ದು ಮೂರು ವರ್ಷ. ಓದು ಕೈಹಿಡಿದದ್ದು ಬಾಯ್ಲರಿನ ಮುಂದೆ, ಬೆಂಕಿ ಹೊತ್ತಿಸಲು ತಂದ ರದ್ದಿ ಕಾಗದಗಳಲ್ಲಿ. ಹಾಗೆ ದೊಡ್ಡದೊಡ್ಡವರ ಬಾಳಿನ ಕಥೆಗಳನ್ನು ಎಷ್ಟೋ ಓದಿದ್ದೇನೆ. ಅವರಲ್ಲಿ ಸುಮಾರು ಮಂದಿಯನ್ನು ದಾರದಕ್ಕನ ಪಕ್ಕದಲ್ಲಿ ನಿಲ್ಲಿಸಿದರೆ ಕುಳ್ಳಗೆ ಕಾಣುತ್ತಾರೆ. ಉತ್ಪ್ರೇಕ್ಷೆ ಎನ್ನುವವರು ಮುಂದೆ ಓದಲಿ.

ಮೊದಲು ಬಿಲ್ಲೆಯ ವಿಷಯ ಹೇಳಬೇಕು. ಕಾಯಂ ಕೆಲಸದವರಿಗೆಲ್ಲ ಒಂದೊಂದು ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ನಂಬರು. ಬೆಳಿಗ್ಗೆ ಹಲಗೆಯ ಮೊಳೆಯಿಂದ ತೆಗೆದು ಏಪ್ರನ್ನಿಗೆ ಸಿಕ್ಕಿಸಿಕೊಂಡರೆ ಹಾಜರಿ. ಮ್ಯಾನೇಜರು ಎಂದೂ ಮುಖ ನೋಡಿದವರಲ್ಲ, ಬಿಲ್ಲೆ ನೋಡಿ ಟಿಕ್ ಹಾಕುತ್ತಿದ್ದರು. ಹೀಗಾಗಿ ಹೆಂಗಸರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಬ್ಬಳ ಮಗುವಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಬಿಲ್ಲೆ ಸಿಕ್ಕಿಸಿಕೊಂಡು ಅವಳ ಪಾಳಿ ಮಾಡುವಳು. ಹದಿನೇಳನ್ನು ಹಾಕಿಕೊಂಡವಳು ಅಂದಿನ ಮಟ್ಟಿಗೆ ಹದಿನೇಳೇ. ಯಾರು ಯಾರ ಬದಲಿಗೆ ಎಂಬುದನ್ನು ನಿಭಾಯಿಸುತ್ತಿದ್ದವಳು ದಾರದಕ್ಕ. ಒಬ್ಬರಿಗೂ ಒಂದು ದಿನದ ಅನ್ಯಾಯವಾಗದಂತೆ ನೋಡಿಕೊಂಡಳು. ಬಾಯಿಗೆ ಬೀಗ ಹಾಕಿಕೊಂಡು ನಾವೆಲ್ಲ ಬೆನ್ನಿಗೆ ನಿಂತೆವು.

ಹದಿನೇಳನೇ ಬಿಲ್ಲೆ ನಿಜವಾಗಿ ಡ್ರೈವರಮ್ಮನದು. ಗಂಡ ದೊಡ್ಡ ಕಂಪನಿಯ ಬಸ್ಸು ಓಡಿಸುತ್ತಿದ್ದ, ಇಡೀ ಮನೆಗೆ ಕಂಪನಿಯ ವಿಮೆ ಇತ್ತು. ಆ ವಿಮೆಯ ಕಾರ್ಡನ್ನು ಒಡವೆಯ ಹಾಗೆ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಮನಸ್ಸು ಒಳ್ಳೆಯದು, ಬಾಯಿಗೆ ಮಾತ್ರ ಬ್ರೇಕಿಲ್ಲ. ಅವಳ ಎದುರು ಮೇಜಿನಲ್ಲಿ ಕಾಲರು ಇಸ್ತ್ರಿ ಮಾಡುತ್ತಿದ್ದವಳು ಗುಬ್ಬಿ. ಆಳು ಅಷ್ಟೇ ಚಿಕ್ಕದು, ಮಾತೂ ಅಷ್ಟೇ ಚಿಕ್ಕದು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗಳೊಬ್ಬಳನ್ನು ಓದಿಸುತ್ತ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇದ್ದಳು. ನಾಲ್ಕು ವರ್ಷದಿಂದ ದಿನಗೂಲಿ. ಬಿಲ್ಲೆ ಇಲ್ಲ, ವಿಮೆ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ.

ಒಂದು ದಿನ ಆರೋಗ್ಯ ಇಲಾಖೆಯ ತಪಾಸಣೆ ಬಸ್ಸು ನಮ್ಮ ಅಂಗಳಕ್ಕೆ ಬಂತು. ನಲವತ್ತು ದಾಟಿದ ಹೆಂಗಸರ ಎದೆಯ ಚಿತ್ರ ತೆಗೆದು ಕ್ಯಾನ್ಸರ್ ಇದೆಯೋ ಇಲ್ಲವೋ ನೋಡುವ ಬಸ್ಸು. ಮ್ಯಾನೇಜರು ಹಾಜರಿ ಪುಸ್ತಕ ನೋಡಿ, ಬಿಲ್ಲೆ ನಂಬರಿನ ಸಾಲಿನಲ್ಲಿ ಹೆಸರು, ವಿಳಾಸ ಬರೆದು ಪಟ್ಟಿ ಕೊಟ್ಟರು.

“ಹದಿನೇಳು! ನಿಂದು ಹತ್ತೂವರೆಗೆ,” ಎಂದು ದಾರದಕ್ಕ ಕೂಗಿದಳು.

“ನಾನು ಹೋಗಲ್ಲಪ್ಪ,” ಎಂದಳು ಡ್ರೈವರಮ್ಮ. “ಆ ಮಿಷಿನ್ನು ಕಾಲರು ಒತ್ತೋ ಹಾಗೆ ಒತ್ತುತ್ತಂತೆ. ನನ್ನನ್ನ ಚಪ್ಪಟೆ ಮಾಡಿ ಮಡಚಿ ಕಳಿಸ್ತಾರೆ.”

“ನಿನ್ನನ್ನ ಚಪ್ಪಟೆ ಮಾಡೋ ಮಿಷಿನ್ನು ಇನ್ನೂ ಹುಟ್ಟಿಲ್ಲ, ಹೋಗೇ.”

“ನಂಗೇನು ಅಕ್ಕಾ, ನಮ್ಮೆಜಮಾನ್ರ ವಿಮೆ ಇದೆ. ಏನಾದ್ರೂ ಆದ್ರೆ ಗಾಜಿನ ಬಾಗಿಲು ತಾನೇ ತೆಗೆದುಕೊಳ್ಳುತ್ತಲ್ಲ, ಆ ಆಸ್ಪತ್ರೆಗೇ ಹೋಗ್ತೀನಿ.”

ದಾರದಕ್ಕ ಮತ್ತೆ ಒತ್ತಾಯ ಮಾಡಲಿಲ್ಲ. ಆಕೆಯ ಕಣ್ಣು ಗುಬ್ಬಿಯ ಮೇಲಿತ್ತು. ಅವಳು ಬುಟ್ಟಿಯನ್ನು ಬಲಗೈಯೊಂದರಲ್ಲೇ ಎಳೆಯುತ್ತಿದ್ದಳು.

“ಎರಡು ವಾರದಿಂದ ನೋಡ್ತಿದೀನಿ. ಎಡಗೈ ಯಾಕೆ ಎತ್ತಲ್ಲ ನೀನು?”

ಗುಬ್ಬಿ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಅತ್ತಿತ್ತ ನೋಡಿದಳು. “ಏನೋ ಒಂದು ಗಂಟು ಅಕ್ಕಾ. ಸಣ್ಣದು. ಗುಂಡಿಯಷ್ಟು.”

“ಯಾರಿಗಾದ್ರೂ ತೋರಿಸಿದ್ಯಾ?”

“ತೋರಿಸ್ಕೊಳ್ಳೋದು ವಿಮೆ ಇದ್ದೋರಿಗೆ ಅಲ್ವಾ?”

ದಾರದಕ್ಕ ಡ್ರೈವರಮ್ಮನ ಏಪ್ರನ್ನಿನಿಂದ ಬಿಲ್ಲೆ ಕಿತ್ತು ಗುಬ್ಬಿಗೆ ಸಿಕ್ಕಿಸಿದಳು. “ಹತ್ತೂವರೆಯ ಜಾಗ ಖಾಲಿ ಇದೆ. ಹೆಸರು ಕೇಳಿದ್ರೆ ಇವಳ ಹೆಸರು ಹೇಳು. ಹತ್ತು ನಿಮಿಷ ಡ್ರೈವರಮ್ಮ ಆಗಿರು. ಇವಳ ಹಾಗೆ ಬಾಯಿ ಮಾಡ್ಬೇಡ, ಅಷ್ಟೆ.”

“ನನ್ನ ಹಾಗೆ ಬಾಯಿ ಮಾಡೋಕೆ ಅವಳಿಗೆ ಇನ್ನೊಂದು ಜನ್ಮ ಬೇಕು,” ಎಂದು ಡ್ರೈವರಮ್ಮ ನಕ್ಕಳು. ಎಲ್ಲರೂ ನಕ್ಕರು. ಗುಬ್ಬಿ ಹೋಗಿ ಬಂದಳು.

ಆ ಬಸ್ಸಿನ ಇನ್ನೊಂದು ಮಗ್ಗುಲಿಗೆ ದೊಡ್ಡ ಅಕ್ಷರದ ಬೋರ್ಡು ಇತ್ತು. ಈ ತಪಾಸಣೆಗೆ ಯಾವ ಹೆಂಗಸು ಬೇಕಾದರೂ ಬರಬಹುದು, ವಿಮೆ ಇಲ್ಲದವರಿಗೆ ಕಾಯಿಲೆ ಕಂಡರೆ ಚಿಕಿತ್ಸೆಯ ಪೂರ್ತಿ ಹೊರೆ ಸರ್ಕಾರದ್ದು ಎಂದು ಅದರ ಮೇಲೆ ಬರೆದಿತ್ತು. ಬೋರ್ಡು ರಸ್ತೆಯ ಕಡೆಗಿತ್ತು, ನಮ್ಮವರು ಅಂಗಳದ ಕಡೆಯಿಂದ ಹತ್ತಿದರು. ಗುಬ್ಬಿ ತನ್ನ ಹೆಸರನ್ನೇ ಹೇಳಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಬಿಲ್ಲೆಯಿಲ್ಲದೆ ಯಾವ ಬಾಗಿಲೂ ತೆಗೆಯದು ಎಂದು ನಂಬಿದ್ದ ನಮ್ಮಂಥವರಿಗೆ ಮಾತ್ರ ಆಗುವ ತಪ್ಪು ಅದು.

ಸುಮಾರು ಎರಡು ತಿಂಗಳು ಕಳೆದಿರಬೇಕು. ಊಟದ ಬಿಡುವಿನಲ್ಲಿ ಡ್ರೈವರಮ್ಮ ಒಂದು ದಪ್ಪ ಲಕೋಟೆಯಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು. ಇಸ್ತ್ರಿ ಕೋಣೆಯ ಸೆಕೆಗೆ ಏನು ಸಿಕ್ಕರೂ ಬೀಸಣಿಗೆಯೇ. ನಾನು ಗೋಡೆಯ ಹಬೆ ಕೊಳವೆಗೆ ಪಟ್ಟಿ ಸುತ್ತುತ್ತಿದ್ದೆ. ದಾರದಕ್ಕ ಲಕೋಟೆಯ ಮೇಲಿನ ಮೊಹರು ನೋಡಿ ಕೈ ಚಾಚಿದಳು.

“ಏನೇ ಅದು? ಇಲಾಖೆಯ ಮುದ್ರೆ ಇದೆ.”

“ಅಯ್ಯೋ, ಅದಾ? ಅವತ್ತು ನಾನು ಹೋಗ್ಲಿಲ್ವಲ್ಲ, ಅದಕ್ಕೆ ಗೈರುಹಾಜರಿ ನೋಟೀಸು ಕಳ್ಸಿದಾರೆ. ಮತ್ತೆ ಹಾಜರಾಗಿ ಅಂತ ಇದೆ, ನಮ್ಮ ಮ್ಯಾನೇಜರು ಕೊಡ್ತಾರಲ್ಲ, ಹಾಗೇ. ನಾನು ಸೊಪ್ಪು ಹಾಕಲಿಲ್ಲ.”

ದಾರದಕ್ಕ ಕಾಗದ ತೆಗೆದು ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಲಕೋಟೆ ತಿರುಗಿಸಿ ಅಂಚೆಯ ತಾರೀಕು ನೋಡಿದಳು.

“ಎಡಗಡೆಯ ಚಿತ್ರದಲ್ಲಿ ಅನುಮಾನ ಇದೆಯಂತೆ,” ಎಂದಳು ಮೆಲ್ಲಗೆ. “ಬೇಗ ಬಂದು ಮತ್ತೆ ತೋರಿಸ್ಕೊಳ್ಳಿ ಅಂತಿದೆ. ಮೂವತ್ತು ದಿನದಲ್ಲಿ ಬರದಿದ್ರೆ ಕಡತ ಮುಚ್ತಾರಂತೆ. ಇದು ಬಂದು ಇಪ್ಪತ್ತೊಂದು ದಿನ ಆಗಿದೆ.”

ಡ್ರೈವರಮ್ಮನ ಮುಖದ ಬಣ್ಣ ಇಳಿಯಿತು. ಎದುರು ಮೇಜಿನಲ್ಲಿ ಗುಬ್ಬಿ ಬುತ್ತಿಯ ಮುಚ್ಚಳ ಹಾಕುತ್ತಿದ್ದಳು, ಒಂದೇ ಕೈಯಲ್ಲಿ.

“ನಾನು ಇದರಲ್ಲಿ ಗಾಳಿ ಬೀಸ್ಕೊಂಡೆನಲ್ಲ ಅಕ್ಕಾ,” ಎಂದಳು ಡ್ರೈವರಮ್ಮ.

ಆ ಸಂಜೆಯೇ ಇಬ್ಬರೂ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದರು. ಅಲ್ಲಿ ನಡೆದದ್ದನ್ನೂ ಆಮೇಲೆ ಆಸ್ಪತ್ರೆಯಲ್ಲಿ ನಡೆದದ್ದನ್ನೂ ಡ್ರೈವರಮ್ಮ ನನಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾಳೆಂದರೆ, ಈಗ ನಾನೇ ಅಲ್ಲಿದ್ದೆ ಎನಿಸುತ್ತದೆ. ಒಂದು ಮಂಚ, ಒಂದು ಕಿಟಕಿ, ಮಂಚದ ಕೆಳಗೆ ಮಗಳ ಪುಸ್ತಕದ ಟ್ರಂಕು. ಗುಬ್ಬಿ ಕಾಗದವನ್ನು ಮುಟ್ಟಲೂ ಇಲ್ಲ.

“ಬೇಡ ಅಕ್ಕಾ. ಇನ್ನೊಬ್ಬರ ಹೆಸರಲ್ಲಿ ಹೋದೆ ಅಂತ ಗೊತ್ತಾದ್ರೆ ಮೋಸದ ಕೇಸು ಹಾಕ್ತಾರೆ. ಕೆಲಸಾನೂ ಹೋಗುತ್ತೆ. ಮಗಳ ಓದು ಇನ್ನೊಂದು ವರ್ಷ ಇದೆ. ಅದೊಂದು ಮುಗೀಲಿ.”

“ಆ ಗಂಟು ನಿನ್ನ ಮಗಳ ಓದು ಮುಗಿಯೋವರೆಗೆ ಸುಮ್ನೆ ಕೂತಿರ್ತೀನಿ ಅಂತ ಮಾತು ಕೊಟ್ಟಿದೆಯಾ?” ಎಂದಳು ದಾರದಕ್ಕ. “ಬಿಲ್ಲೆ ಸಿಕ್ಕಿಸಿದ್ದು ನಾನು. ಕೇಸು ಹಾಕೋದಾದ್ರೆ ನನ್ನ ಮೇಲೆ ಹಾಕ್ಲಿ. ನೀನು ನಾಳೆ ಬೆಳಿಗ್ಗೆ ತಲೆ ಬಾಚ್ಕೊಂಡು ರೆಡಿಯಾಗಿರು, ಅಷ್ಟೇ ನಿನ್ನ ಕೆಲಸ.”

ಮಾರನೆಯ ದಿನ ಮೂವರೂ ಇಲಾಖೆಯ ಆಸ್ಪತ್ರೆಗೆ ಹೋದರು. ಉದ್ದನೆಯ ಮೊಗಸಾಲೆ, ಗೋಡೆಗೆ ಆನಿಸಿಟ್ಟ ಬೆಂಚುಗಳು, ಕೊನೆಯಲ್ಲಿ ಒಂದು ಕಿಟಕಿ, ಅದರ ಹಿಂದೆ ಕನ್ನಡಕ ಹಾಕಿದ ಗುಮಾಸ್ತೆ. ಆಕೆ ಕೆಟ್ಟವಳಲ್ಲ, ಕಾಗದ ಹೇಳಿದ್ದನ್ನು ಹೇಳುವವಳು. ದಾರದಕ್ಕ ಬಿಲ್ಲೆ ಬದಲಾದ ಕಥೆಯನ್ನೆಲ್ಲ ಆಕೆಗೆ ಹೇಳಿದಳು.

“ಕಡತ ಇವರ ಹೆಸರಲ್ಲಿದೆ. ಇವರಿಗೆ ವಿಮೆ ಇದೆ, ಸರ್ಕಾರಿ ಚಿಕಿತ್ಸೆಯ ಯೋಜನೆಗೆ ಬರಲ್ಲ,” ಎಂದು ಡ್ರೈವರಮ್ಮನ ಕಡೆ ಪೆನ್ನು ತೋರಿಸಿದಳು. ಗುಬ್ಬಿಯ ಕಡೆ ತಿರುಗಿ, “ನಿಮಗೆ ವಿಮೆ ಇಲ್ಲ, ನೀವು ಯೋಜನೆಗೆ ಬರ್ತೀರಿ. ಆದ್ರೆ ನಿಮ್ಮ ಹೆಸರಲ್ಲಿ ಕಡತ ಇಲ್ಲ. ಹೊಸದಾಗಿ ಬರೆಸಿ. ತಪಾಸಣೆಗೆ ನಾಲ್ಕು ತಿಂಗಳು ಬಿಟ್ಟು ದಿನ ಸಿಗುತ್ತೆ,” ಎಂದಳು.

“ನಾಲ್ಕು ತಿಂಗಳಾ!” ಡ್ರೈವರಮ್ಮನ ದನಿ ಮೊಗಸಾಲೆಯ ಆ ತುದಿಗೂ ಮುಟ್ಟಿತು. “ಅಲ್ಲಾ ತಾಯಿ, ಕಾಯಿಲೆ ಇರೋಳಿಗೆ ಕಡತ ಇಲ್ಲ, ಕಡತ ಇರೋಳಿಗೆ ಕಾಯಿಲೆ ಇಲ್ಲ. ನನ್ನ ಹತ್ರ ಏನೂ ಇಲ್ಲ, ಬೇಕಾದ್ರೆ ಚಪ್ಪಟೆ ಮಾಡಿ ನೋಡ್ಕೊಳ್ಳಿ!”

ದಾರದಕ್ಕ ಅವಳ ತೋಳು ಹಿಡಿದು ಕೂರಿಸಿದಳು. ಕಿಟಕಿಗೆ ಮೊಣಕೈ ಊರಿ ನಿಂತು ಮಾತಾಡಿದ್ದು ಇಷ್ಟು:

“ಅಮ್ಮಾ, ನಾನು ಲಾಂಡ್ರಿಯವಳು. ನಿಮ್ಮ ಈ ಆಸ್ಪತ್ರೆಯ ಹೊದಿಕೆಗೆ ನೀಲಿ ದಾರದಲ್ಲಿ ಗುರುತು ಹಾಕೋಳು ನಾನೇ. ಕೆಲವು ಸಲ ಒಬ್ಬರ ಗಂಟಿನಲ್ಲಿ ಇನ್ನೊಬ್ಬರ ಹಾಸು ಹೋಗುತ್ತೆ. ಮೇಲಿನ ಚೀಟಿ ಹೋಟೆಲಿನದು ಅನ್ನುತ್ತೆ. ಆಗ ನಾನು ಚೀಟಿ ನಂಬಲ್ಲ, ಅಂಚು ತಿರುಗಿಸಿ ನೋಡ್ತೀನಿ. ನೀವೂ ಹಾಗೇ ಮಾಡಿ. ಬಸ್ಸಲ್ಲಿ ತೆಗೆದ ಚಿತ್ರ ನಿಮ್ಮ ಹತ್ರ ಇದೆ, ಆ ಎದೆ ಇಲ್ಲಿ ಬೆಂಚಿನ ಮೇಲೆ ಕೂತಿದೆ. ಮತ್ತೆ ತೋರಿಸೋಕೆ ಇನ್ನೂ ಎಂಟು ದಿನ ಇದೆ ಅಂತ ನಿಮ್ಮ ಕಾಗದವೇ ಹೇಳುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ರೆ ನಾವು ಎದ್ದು ಹೋಗ್ತೀವಿ.”

ಗುಮಾಸ್ತೆ ಕನ್ನಡಕ ತೆಗೆದು ಒರೆಸಿಕೊಂಡಳು. ಕಡತ ಎತ್ತಿಕೊಂಡು ಒಳಗೆ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಇಬ್ಬರ ಚಿತ್ರವನ್ನೂ ತೆಗೆಸಿದರು. ಬೆಳಕಿನ ಹಲಗೆಯ ಮೇಲೆ ಹಳೆಯದನ್ನು ಇಟ್ಟು, ಮಗ್ಗುಲಿಗೆ ಗುಬ್ಬಿಯದನ್ನು ಇಟ್ಟರು. ಎಲೆಯ ನರಗಳಂತೆ ಹರಡಿದ ಗೆರೆಗಳು ಎರಡರಲ್ಲೂ ಒಂದೇ. ಅದೇ ಜಾಗದಲ್ಲಿ ಅದೇ ಬಿಳಿ ಚುಕ್ಕೆ, ಎರಡು ತಿಂಗಳಲ್ಲಿ ಕೂದಲೆಳೆಯಷ್ಟು ದೊಡ್ಡದಾಗಿತ್ತು. ಡ್ರೈವರಮ್ಮನ ಚಿತ್ರದಲ್ಲಿ ಏನೂ ಇರಲಿಲ್ಲ. ಅಂದೇ ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕನೇ ದಿನ ಉತ್ತರ ಬಂತು. ಕ್ಯಾನ್ಸರೇ. ಆದರೆ ಇನ್ನೂ ಇದ್ದಲ್ಲೇ ಇದೆ, ಕಂಕುಳಿಗೆ ಹಬ್ಬಿಲ್ಲ, ಈಗ ಹಿಡಿದರೆ ವಾಸಿಯಾಗುತ್ತದೆ, ತಡ ಮಾಡಿದರೆ ಮಾತು ಕೊಡಲಾರೆ ಎಂದರು ಡಾಕ್ಟರಮ್ಮ.

ಉಳಿದದ್ದು ಒಂದೇ ಕಾಗದ. ಪಟ್ಟಿ ಹೋದದ್ದು ಮ್ಯಾನೇಜರ ಸಹಿಯಲ್ಲಿ. ಅದರಲ್ಲಿ ಹೆಸರು ತಪ್ಪಾಗಿದೆ ಎಂದು ಅವರೇ ಸಹಿ ಮಾಡಿ ಕೊಟ್ಟರೆ ಕಡತ ಗುಬ್ಬಿಯ ಹೆಸರಿಗೆ ಬರುತ್ತದೆ, ಕೂಡಲೇ ಸರ್ಕಾರಿ ಚಿಕಿತ್ಸೆಯ ಕಾರ್ಡು ಸಿಗುತ್ತದೆ. ಕಡತ ಮುಚ್ಚಲು ನಾಲ್ಕು ದಿನವಿತ್ತು.

ಮ್ಯಾನೇಜರ ಕೋಣೆಯ ಹಬೆ ಕೊಳವೆ ಅದೇ ದಿನ ಸೋರತೊಡಗಿದ್ದು ನನ್ನ ಪುಣ್ಯ. ಸೋರದಿದ್ದರೂ ನಾನು ಸ್ಪ್ಯಾನರ್ ಹಿಡಿದು ಒಳಗೆ ಹೋಗುತ್ತಿದ್ದೆ ಎಂಬುದು ಬೇರೆ ಮಾತು.

ದಾರದಕ್ಕ ತಂದುಕೊಟ್ಟ ಕಾಗದ ಓದಿ ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. “ಏನಮ್ಮಾ ಇದು! ಬಿಲ್ಲೆ ಬದಲಾಯ್ತು ಅಂತ ನಾನು ಬರೆದು ಕೊಡೋದಾ? ಇಷ್ಟು ವರ್ಷದ ಹಾಜರಿ ಎಲ್ಲ ಸುಳ್ಳು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ. ಮಾಲೀಕರು ನನ್ನನ್ನ ಸುಮ್ನೆ ಬಿಡ್ತಾರಾ?”

“ಹಾಜರಿ ಸುಳ್ಳಲ್ಲ ಸಾರ್. ಹದಿನೇಳು ಬಂದಿದೆ ಅಂತ ನೀವು ಬರೆದ ದಿನ ಹದಿನೇಳರ ಕೆಲಸ ಆಗಿದೆ. ಒಂದು ದಿನ ಕಮ್ಮಿ ಬಿದ್ದಿದ್ರೆ ತೋರಿಸಿ.”

“ಅದೆಲ್ಲ ಬೇಡ. ಈ ಆಟ ಆಡಿಸಿದೋರು ಯಾರು ಅಂತ ಮಾಲೀಕರು ಕೇಳೇ ಕೇಳ್ತಾರೆ. ಯಾರ ಹೆಸರು ಹೇಳ್ಲಿ?”

ದಾರದಕ್ಕ ತನ್ನ ಏಪ್ರನ್ನಿನ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ನಾಲ್ಕನೇ ನಂಬರು. ಉಜ್ಜಿ ಉಜ್ಜಿ ಅಂಕಿಯೇ ಸವೆದು ಹೋಗಿತ್ತು.

“ನನ್ನ ಹೆಸರು ಬರೀರಿ. ಬದಲಾಯಿಸಿದ್ದು ನಾನು, ಕಳಿಸಿದ್ದು ನಾನು. ಗುಬ್ಬಿ ನಾನು ಹೇಳಿದ ಹಾಗೆ ಮಾಡಿದಾಳೆ. ಈ ಬಿಲ್ಲೆ ತಗೊಂಡು ಆ ಕಾಗದಕ್ಕೆ ಸಹಿ ಹಾಕಿ ಕೊಡಿ. ಚೌಕಾಸಿ ಇಲ್ಲ.”

ಆಕೆ ಕೂಗಾಡಲಿಲ್ಲ, ಅಳಲಿಲ್ಲ. ಅಂಗಡಿಯಲ್ಲಿ ಒಂದು ಉಂಡೆ ದಾರ ಕೇಳಿದಷ್ಟೇ ಸಲೀಸಾಗಿ ಕೇಳಿದಳು. ಇಪ್ಪತ್ತಾರು ವರ್ಷದ ಅನ್ನವನ್ನು ಮೇಜಿನ ಮೇಲಿಟ್ಟು ಹಾಗೆ ನಿಲ್ಲಲು ಎಂಥ ಎದೆ ಬೇಕೆಂದು ನಾನು ಕೊಳವೆಯ ಹಿಂದೆ ಕೂತು ಯೋಚಿಸಿದೆ. ಬಿಗಿ ಮಾಡಬೇಕಾಗಿದ್ದ ಬೋಲ್ಟನ್ನು ಸಡಿಲ ಮಾಡಿದ್ದು ಆಮೇಲೆ ತಿಳಿಯಿತು.

ಮ್ಯಾನೇಜರು ಆ ಸವೆದ ಬಿಲ್ಲೆಯನ್ನು ಎತ್ತಿ ನೋಡಿ ಆಕೆಯ ಕಡೆಗೇ ಸರಿಸಿದರು. ಕೊನೆಗೆ ಸಹಿ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ಶಿಕ್ಷೆಗೆಂದು ದಾರದಕ್ಕನನ್ನು ಗುರುತಿನ ಕೋಣೆಯಿಂದ ಕೊಳೆ ಕೋಣೆಗೆ ಹಾಕಿದರು. ಎಲ್ಲ ಕಡೆಯಿಂದ ಬಂದ ಕೊಳೆ ಬಟ್ಟೆಗಳನ್ನು ಬಿಚ್ಚಿ ಬೇರೆ ಬೇರೆ ಮಾಡುವ ಜಾಗ ಅದು. ಹೊಸಬರು ಮೂಗಿಗೆ ಬಟ್ಟೆ ಕಟ್ಟಿಕೊಂಡೂ ಮೂರು ದಿನ ತಡೆಯುತ್ತಿರಲಿಲ್ಲ.

ಕಡತ ಮುಚ್ಚಲು ಎರಡು ದಿನವಿದೆ ಎನ್ನುವಾಗ ಕಾರ್ಡು ಬಂತು. ಅಂಗೈಯಗಲದ ಕಾರ್ಡು, ಅದರ ಮೇಲೆ ಗುಬ್ಬಿಯದೇ ಹೆಸರು, ಗುಬ್ಬಿಯದೇ ಫೋಟೋ. ಅವಳು ಅದನ್ನು ತಂದು ಕೊಳೆ ಕೋಣೆಯ ಬಾಗಿಲಲ್ಲಿ ನಿಂತಳು.

“ಒಳಗೆ ಬರ್ಬೇಡ, ವಾಸನೆ,” ಎಂದಳು ದಾರದಕ್ಕ.

“ನನ್ನಿಂದ ನೀನು ಇಲ್ಲಿಗೆ ಬಂದೆ ಅಕ್ಕಾ.”

“ಇಲ್ಲೇನು ಕಮ್ಮಿ? ದೊಡ್ಡ ದೊಡ್ಡ ಹೋಟೆಲಿನೋರೆಲ್ಲ ಮೊದಲು ನನ್ನ ಹತ್ರವೇ ಬರ್ತಾರೆ. ಹೋಗು, ಆಪರೇಷನ್ ದಿನ ಗಟ್ಟಿ ಮಾಡ್ಕೊಂಡು ಬಾ.”

ಅದರ ಮರುವಾರ ಆಪರೇಷನ್ ಆಯಿತು. ಆಮೇಲೆ ಕೀಮೋ ಶುರುವಾಯಿತು. ಗುಬ್ಬಿಯ ಕೂದಲೆಲ್ಲ ಉದುರಿತು, ಬಾಯಿ ಹುಣ್ಣಾಯಿತು, ಮೊದಲೇ ಹಿಡಿಯಷ್ಟಿದ್ದ ದೇಹ ಇನ್ನೂ ಸೊರಗಿತು. ಆದರೆ ಒಂದು ಸರದಿಯೂ ತಪ್ಪಲಿಲ್ಲ. ಹೆಂಗಸರು ತಮ್ಮ ಹಳೇ ಒಪ್ಪಂದವನ್ನೇ ಬೇರೆ ಕೆಲಸಕ್ಕೆ ಹಚ್ಚಿದರು. ಇಂದು ಯಾರು ಆಸ್ಪತ್ರೆಗೆ ಜೊತೆ ಹೋಗಬೇಕು, ನಾಳೆ ಯಾರು ಅವಳ ಮನೆಗೆ ಅಡುಗೆ ಮಾಡಿ ಒಯ್ಯಬೇಕು ಎಂದು ಪಾಳಿ ಹಾಕಿಕೊಂಡರು. ಅದನ್ನು ಕೊಳೆ ಕೋಣೆಯಿಂದಲೇ ದಾರದಕ್ಕ ನಡೆಸಿದಳು. ಡ್ರೈವರಮ್ಮ ಎಲ್ಲರಿಗಿಂತ ಹೆಚ್ಚು ಸಲ ಹೋದಳು. ‘ನನ್ನ ಬಾಯಿ ಕೇಳೋಕಾಗದೆ ರೋಗ ಓಡಿ ಹೋಗುತ್ತೆ’ ಎನ್ನುತ್ತಿದ್ದಳು. ಯಾರಿಗೆ ಗೊತ್ತು, ಅದೂ ಒಂದು ಔಷಧವಾಗಿದ್ದೀತು.

ಇತ್ತ ಲಾಂಡ್ರಿಯಲ್ಲಿ ಹೊಸ ಗುರುತಿನವಳ ಕೈಕೆಳಗೆ ಬಟ್ಟೆಗಳು ದಾರಿ ತಪ್ಪತೊಡಗಿದವು. ಹನ್ನೊಂದನೇ ವಾರ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಸ್ನಾನ ಮುಗಿಸಿ, ಮಡಚಿಟ್ಟ ಅಂಗಿ ಬಿಡಿಸಿ ತೊಟ್ಟರಂತೆ. ಅದು ಹೆರಿಗೆ ಆಸ್ಪತ್ರೆಯದು, ಹಿಂದೆ ಲಾಡಿ ಕಟ್ಟುವಂಥದು. ಹೋಟೆಲಿನವರು ಫೋನಿನಲ್ಲಿ ಏನು ಹೇಳಿದರೋ, ಮ್ಯಾನೇಜರು ಓಡಿಕೊಂಡೇ ಕೊಳೆ ಕೋಣೆಗೆ ಬಂದರು.

“ಅಕ್ಕಾ, ನಾಳೆಯಿಂದ ನಿಮ್ಮ ಜಾಗಕ್ಕೆ ಬನ್ನಿ.”

“ಬರ್ತೀನಿ ಸಾರ್. ದಿನಗೂಲಿಯವರಿಗೂ ಬಿಲ್ಲೆ ಮಾಡಿಸಿ, ಪುಸ್ತಕದಲ್ಲಿ ಅವರ ಹೆಸರು ಬರೀರಿ. ಆಮೇಲೆ ಬರ್ತೀನಿ.”

ಎರಡು ದಿನ ಬಿಗುಮಾನ, ಮೂರನೇ ದಿನ ಹದಿನಾಲ್ಕು ಹೊಸ ಬಿಲ್ಲೆ ಬಂದವು. ಮೂವತ್ತೊಂದನೆಯದು ಗುಬ್ಬಿಯದು. ಅವಳು ಮರಳಿ ಬರುವವರೆಗೆ ಅದು ಹಲಗೆಯ ಮೊಳೆಯಲ್ಲೇ ತೂಗಿತು. ಯಾರೂ ಅದನ್ನು ಸಿಕ್ಕಿಸಿಕೊಳ್ಳಲಿಲ್ಲ.

ಮುಂದಿನ ವರ್ಷ ಬಸ್ಸು ಮತ್ತೆ ಬಂತು. ದಾರದಕ್ಕ ಮೊದಲು ಮಾಡಿದ ಕೆಲಸವೆಂದರೆ ಅದರ ಚಾಲಕನನ್ನು ಗದರಿಸಿ ಬಸ್ಸನ್ನು ತಿರುಗಿಸಿ ನಿಲ್ಲಿಸಿದ್ದು. ಬೋರ್ಡು ಈಗ ಅಂಗಳಕ್ಕೆ ಮುಖ ಮಾಡಿತ್ತು. ಆಮೇಲೆ ಬಾಗಿಲ ಬಳಿ ನಿಂತು, ಹತ್ತುವ ಪ್ರತಿ ಹೆಂಗಸಿನ ಬಿಲ್ಲೆ ತೆಗೆಸಿ ತನ್ನ ಮಡಿಲಿಗೆ ಹಾಕಿಕೊಂಡು, “ನಿನ್ನ ಹೆಸರು ಹೇಳು. ಜೋರಾಗಿ,” ಎನ್ನುತ್ತಿದ್ದಳು. ಬೆರಳುದ್ದ ಕೂದಲು ಬಂದಿದ್ದ ಗುಬ್ಬಿ ಪಕ್ಕದಲ್ಲಿ ನಿಂತು ಸಾಲು ನೋಡಿಕೊಳ್ಳುತ್ತಿದ್ದಳು. ತಿಂಗಳ ಹಿಂದೆ ಡಾಕ್ಟರಮ್ಮ ಅವಳನ್ನು ಪರೀಕ್ಷಿಸಿ, ಎಲ್ಲ ಶುದ್ಧವಾಗಿದೆ, ಆರು ತಿಂಗಳು ಬಿಟ್ಟು ಬಾ ಎಂದಿದ್ದರು.

“ಅಕ್ಕಾ, ನೀನು ಹತ್ತಿದ್ಯಾ?” ಎಂದು ಗುಬ್ಬಿ ಕೇಳಿದಳು.

“ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ.”

“ಹೋದ ವರ್ಷ?”

“ಹೋದ ವರ್ಷ ನಿಮ್ಮನ್ನೆಲ್ಲ ಕಳಿಸೋರು ಯಾರು?”

ಸಾಲಿನಲ್ಲಿದ್ದ ಡ್ರೈವರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಊರಿನೋರ ಅಂಚೆಲ್ಲ ತಿರುಗಿಸಿ ನೋಡಿದ್ಯಲ್ಲ ಪುಣ್ಯಾತ್ಗಿತ್ತಿ, ನಿನ್ನ ಅಂಚು ತಿರುಗಿಸೋರು ಯಾರೇ?”

ದಾರದಕ್ಕ ಮಡಿಲಿನ ಬಿಲ್ಲೆಗಳನ್ನು ಎಣಿಸತೊಡಗಿದಳು. ಗುಬ್ಬಿ ಆಕೆಯ ಏಪ್ರನ್ನಿನಿಂದ ನಾಲ್ಕನೇ ಬಿಲ್ಲೆ ಬಿಚ್ಚಿಕೊಂಡಳು. ಎಡಗೈಯನ್ನು ಆಕೆಯ ಬೆನ್ನಿಗಿಟ್ಟು ಮೆಟ್ಟಿಲ ಕಡೆ ನೂಕಿದಳು. ಒಳಗಿಂದ ನರ್ಸು ಹೆಸರು ಕೇಳಿದ್ದಕ್ಕೆ ದಾರದಕ್ಕ ಕೊಟ್ಟ ಉತ್ತರ ಬಾಯ್ಲರಿನ ಬಾಗಿಲಿನವರೆಗೂ ಕೇಳಿಸಿತು.

ಆಕೆ ಇಳಿದು ಬಂದ ಮೇಲೆ ನರ್ಸು ಕೂಗಿದಳು: “ಮುಂದಿನವರು ಯಾರು?”

“ಹದಿನೇಳು,” ಎಂದ ಡ್ರೈವರಮ್ಮ, ಎಲ್ಲರೂ ತನ್ನ ಕಡೆ ತಿರುಗಿದ್ದನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಬಿಲ್ಲೆಯನ್ನು ದಾರದಕ್ಕನ ಮಡಿಲಿಗೆ ಹಾಕಿ, ತನ್ನ ಹೆಸರು ಹೇಳಿ, ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.